ನಿಮ್ಮೂರ ಸರ್ಕಾರಿ ಹೈಸ್ಕೂಲಿನ ಚರಿತ್ರೆ ಬರೆಯುವುದು ಹೇಗೆ

ಶಾಲೆಗೆ ಐವತ್ತು ವರ್ಷ ತುಂಬಿತು ಅಂದ ಕೂಡಲೇ ಒಂದು ಸ್ಮರಣ ಸಂಚಿಕೆ ತರೋಣ ಅಂತ ಮಾತು ಶುರುವಾಗುತ್ತದೆ. ಶುಭ ಸಂದೇಶಗಳು, ಅಂಗಡಿಗಳ ಜಾಹೀರಾತು ಎಲ್ಲ ಸೇರಿ ಪುಸ್ತಕ ದಪ್ಪವಾಗುತ್ತದೆ, ಶಾಲೆಯ ಚರಿತ್ರೆಗೆ ಉಳಿಯುವುದು ಎರಡೇ ಪುಟ. ನಮ್ಮೂರಲ್ಲಿ ಆ ಎರಡು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂತು, ಬರೆಯುತ್ತಾ ಹೋದ ಹಾಗೆ ಅದು ನಲವತ್ತು ಪುಟ ಆಯಿತು. ನೀವೂ ಬರೆಯಿರಿ, ಆದಷ್ಟು ಬೇಗ ಬರೆಯಿರಿ. ಮೊದಲ ಬ್ಯಾಚಿನವರಿಗೆ ಈಗ ವಯಸ್ಸಾಗಿದೆ.

ಮೊದಲು ಹೆಡ್‌ಮಾಸ್ಟರನ್ನು ಕಾಣಿ. ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಯಾರಾದರೂ ಜೊತೆಗಿದ್ದರೆ ಒಳ್ಳೆಯದು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತಿಗೆ, ಜೂನ್ ತಿಂಗಳ ಅಡ್ಮಿಷನ್ ಗಲಾಟೆಯಲ್ಲಿ ಹೋಗಬೇಡಿ, ಪಾಪ, ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಒಂದು ಪತ್ರ ಬರೆದು ಕೊಟ್ಟು, ದಾಖಲಾತಿ ರಿಜಿಸ್ಟರ್ ನೋಡಲು ಅನುಮತಿ ಕೇಳಿ. ಗೋಡೆ ಮೇಲಿನ ಮುಖ್ಯ ಶಿಕ್ಷಕರ ಪಟ್ಟಿ, ಗ್ರೂಪ್ ಫೋಟೋ ಎಲ್ಲ ಆಮೇಲೆ. ನನ್ನ ಪ್ರಕಾರ ಶಾಲೆಯ ಚರಿತ್ರೆ ಇರುವುದು ಆ ರಿಜಿಸ್ಟರಿನಲ್ಲೇ.

ಅದರಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಊರು, ಜಾತಿ, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ ಇರುತ್ತವೆ. ಒಂದು ನೋಟ್‌ಬುಕ್ ತೆಗೆದುಕೊಂಡು ವರ್ಷ ವರ್ಷಕ್ಕೆ ಎಣಿಸಿ: ಎಷ್ಟು ಮಕ್ಕಳು, ಅದರಲ್ಲಿ ಹುಡುಗಿಯರು ಎಷ್ಟು, ಯಾವ ಯಾವ ಹಳ್ಳಿಯಿಂದ ಬಂದರು, ಯಾವ ಕೇರಿಯ ಮಕ್ಕಳು ಯಾವ ವರ್ಷ ಮೊದಲ ಸಲ ಒಳಗೆ ಬಂದರು, ಹತ್ತನೇ ಕ್ಲಾಸ್ ಮುಗಿಸದೆ ಎಷ್ಟು ಜನ ಬಿಟ್ಟರು. ಬೇಜಾರಿನ ಕೆಲಸ ಅನ್ನಿಸಬಹುದು. ಆದರೆ ಒಂದು ಇಸವಿಯಲ್ಲಿ ಮೂರೇ ಹುಡುಗಿಯರ ಹೆಸರು ಕಂಡು, ಪುಟ ತಿರುಗಿಸುತ್ತಾ ಹೋದ ಹಾಗೆ ಅದು ಅರ್ಧ ಕ್ಲಾಸ್ ಆಗುವುದನ್ನು ನೋಡಿದಾಗ ನನಗೆ ಗಂಟಲು ಕಟ್ಟಿತ್ತು. ಅಂದಹಾಗೆ, ಸುಮಾರು ಮಕ್ಕಳ ಹುಟ್ಟಿದ ದಿನ ಜೂನ್ 1 ಅಂತಲೇ ಇರುತ್ತದೆ. ಹಿಂದೆ ಮನೆಯವರಿಗೆ ತಾರೀಖು ಗೊತ್ತಿಲ್ಲದಿದ್ದರೆ ಶಾಲೆ ಶುರುವಾಗುವ ಹೊತ್ತಿಗೆ ಹೊಂದಿಸಿ ಮೇಷ್ಟ್ರೇ ಒಂದು ತಾರೀಖು ಬರೆದುಬಿಡುತ್ತಿದ್ದರು. ಹಾಗಾಗಿ ಆ ದಿನವನ್ನು ನಂಬಿ ಯಾರ ವಯಸ್ಸನ್ನೂ ಲೆಕ್ಕ ಹಾಕಬೇಡಿ.

ರಿಜಿಸ್ಟರಿನ ಫೋಟೋ ತೆಗೆದು ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ಅಲ್ಲಿರುವುದು ಜನರ ಜಾತಿ, ವಯಸ್ಸು, ಮನೆ ವಿಷಯ. ಎಣಿಸಿದ ಲೆಕ್ಕ ಪ್ರಕಟಿಸಿ, ಹೆಸರು ಹಾಕುವುದಾದರೆ ಅವರನ್ನು ಕೇಳಿ.

ಇನ್ನು ಸ್ಥಾಪನೆಯ ಇಸವಿ. ಕಮಾನಿನ ಮೇಲೆ ಬರೆದದ್ದನ್ನು ಹಾಗೇ ಎತ್ತಿಕೊಳ್ಳಬೇಡಿ. ಮಂಜೂರಾತಿ ಬಂದದ್ದು ಒಂದು ವರ್ಷ, ಛತ್ರದಲ್ಲೋ ಯಾರದೋ ಮನೆಯ ಪಡಸಾಲೆಯಲ್ಲೋ ಪಾಠ ಶುರುವಾದದ್ದು ಇನ್ನೊಂದು ವರ್ಷ, ಸ್ವಂತ ಕಟ್ಟಡ ಆದದ್ದು ಮತ್ತೊಂದು ವರ್ಷ ಇರಬಹುದು. ಮೂರನ್ನೂ ಬರೆಯಿರಿ. ಹೆಸರೂ ಬದಲಾಗಿರುತ್ತದೆ: ಎ.ವಿ. (ಆಂಗ್ಲೋ ವರ್ನಾಕ್ಯುಲರ್, ಅಂದರೆ ಇಂಗ್ಲಿಷ್ ಮತ್ತು ದೇಶಭಾಷೆ ಎರಡನ್ನೂ ಕಲಿಸುವ) ಸ್ಕೂಲ್ ಆಗಿದ್ದದ್ದು ಮುನಿಸಿಪಲ್ ಹೈಸ್ಕೂಲ್ ಆಗಿ, ಆಮೇಲೆ ಸರ್ಕಾರಿ ಜೂನಿಯರ್ ಕಾಲೇಜಿನ ಪ್ರೌಢಶಾಲಾ ವಿಭಾಗ ಆಗಿ, ಈಗ ಕರ್ನಾಟಕ ಪಬ್ಲಿಕ್ ಸ್ಕೂಲ್ ಅಂತ ಬೋರ್ಡ್ ಬಿದ್ದಿರಬಹುದು. ಜಾಗ ಯಾರು ಕೊಟ್ಟರು ಅಂತ ಊರಲ್ಲಿ ನಾಲ್ಕು ಕಥೆ ಇರುತ್ತವೆ, ದಾನಪತ್ರ ಮತ್ತು ಪಹಣಿ ನೋಡಿಯೇ ಬರೆಯಿರಿ.

1956ರ ನವೆಂಬರ್ 1ಕ್ಕಿಂತ ಹಳೆಯ ಶಾಲೆಯಾದರೆ ನಿಮ್ಮೂರು ಆಗ ಯಾರ ಕೈಯಲ್ಲಿತ್ತು ಅನ್ನುವುದು ಮುಖ್ಯ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈ ರಾಜ್ಯದಲ್ಲಿದ್ದವು. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿಗೆ ಸೇರಿದ್ದವು. ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು, ಕೊಡಗು ಬೇರೆಯೇ ರಾಜ್ಯವಾಗಿತ್ತು. ಬಳ್ಳಾರಿಯ ಹೆಚ್ಚಿನ ಭಾಗ 1953ರಲ್ಲೇ ಮೈಸೂರಿಗೆ ಬಂತು. ಹಳೆ ಮೈಸೂರಿನವರಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಕಡತ ಸಿಗಬಹುದು. ನಿಜಾಮರ ಕಡೆಯ ಹಳೆ ದಾಖಲೆ ಉರ್ದುವಿನಲ್ಲಿ ಸಿಕ್ಕರೆ ಊರಿನ ಹಿರಿಯರಲ್ಲಿ ಉರ್ದು ಓದುವವರನ್ನು ಹುಡುಕಿ ಜೊತೆಗೆ ಕೂರಿಸಿಕೊಳ್ಳಿ. ರಾಜ್ಯದ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಬಂದದ್ದೇ 1966ರಲ್ಲಿ, ಹಾಗಾಗಿ ಅದಕ್ಕಿಂತ ಹಳೆಯ ಮಾರ್ಕ್ಸ್ ಕಾರ್ಡ್ ಸಿಕ್ಕರೆ ಅದನ್ನು ಕೊಟ್ಟವರು ಯಾರು ಅಂತ ನೋಡಿ, ಅದೂ ಒಂದು ಸುಳಿವು.

ಹಿರಿಯರನ್ನು ಮಾತಾಡಿಸುವಾಗ "ಶಾಲೆ ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು ಕಣಪ್ಪ" ಅಂತಾರೆ, ಅಲ್ಲಿಗೆ ಮುಗಿಯಿತು. ಅದರ ಬದಲು ಮಧ್ಯಾಹ್ನ ಎಲ್ಲಿ ಉಣ್ಣುತ್ತಿದ್ದಿರಿ ಅಂತ ಕೇಳಿ. ಹಾಸ್ಟೆಲ್ ಇಲ್ಲದ ಕಾಲದಲ್ಲಿ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ವಾರಾನ್ನ ಉಂಡು ಓದಿದವರಿದ್ದಾರೆ, ಯಾರ ಮನೆಯಲ್ಲಿ ಯಾರಿಗೆ ಎಲೆ ಹಾಕುತ್ತಿದ್ದರು, ಯಾರಿಗೆ ಹಾಕುತ್ತಿರಲಿಲ್ಲ ಅನ್ನುವುದೂ ಆ ಮಾತಿನಲ್ಲೇ ಹೊರಗೆ ಬರುತ್ತದೆ. ಮಳೆಗಾಲದಲ್ಲಿ ಹಳ್ಳ ಹೇಗೆ ದಾಟಿದಿರಿ, ಮೊದಲ ಬಸ್ ಯಾವಾಗ ಬಂತು, ಅಕ್ಕ ಶಾಲೆ ಬಿಟ್ಟದ್ದು ಯಾಕೆ ಅಂತ ಕೇಳಿ. ಈಚಿನವರನ್ನು ಸೈಕಲ್ ಬಗ್ಗೆ, 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿನ ಬಗ್ಗೆ ಕೇಳಿ. ಬಿಸಿಯೂಟದ ಅಡುಗೆಯವರನ್ನೂ ನಿವೃತ್ತ ಅಟೆಂಡರನ್ನೂ ಬಿಡಬೇಡಿ. ಫೇಲಾದವರ ಮನೆಗೂ ಹೋಗಿ. ದೊಡ್ಡ ಹುದ್ದೆಗೆ ಹೋದವರು ಹೇಗಿದ್ದರೂ ವೇದಿಕೆ ಮೇಲೆ ಮಾತಾಡುತ್ತಾರೆ, ಇವರನ್ನು ಯಾರೂ ಕರೆಯುವುದಿಲ್ಲ.

ಈಗಿನ ಪರಿಚಯಕ್ಕೆ ಒಂದೆರಡು ಪುಟ ಸಾಕು: ಎಂಟು, ಒಂಬತ್ತು, ಹತ್ತರಲ್ಲಿ ಎಷ್ಟು ಮಕ್ಕಳು, ಯಾವ ಮಾಧ್ಯಮ, ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಲ್ಯಾಬ್, ಶೌಚಾಲಯ. ಫಲಿತಾಂಶ ಹಾಕುವಾಗ ಹತ್ತು ವರ್ಷದ್ದು ಪೂರ್ತಿ ಹಾಕಿ, ಒಳ್ಳೆಯ ವರ್ಷ ಮಾತ್ರ ಆರಿಸಬೇಡಿ. ಗಣಿತದ ಮೇಷ್ಟ್ರು ಇಲ್ಲದ ವರ್ಷ ಯಾವುದು ಅಂತ ಪಕ್ಕದಲ್ಲೇ ಬರೆದರೆ ಓದುವವರಿಗೆ ಅರ್ಥವಾಗುತ್ತದೆ.

ಕೆಲಸ ಮುಗಿದ ಮೇಲೆ ಒಂದು ಪ್ರತಿ ಶಾಲೆಗೆ, ಒಂದು ಊರಿನ ಗ್ರಂಥಾಲಯಕ್ಕೆ ಕೊಡಿ. ರಿಜಿಸ್ಟರುಗಳನ್ನು ಸುಮ್ನೆ ಮೇಜಿನ ಮೇಲೆ ಬಿಟ್ಟು ಬರಬೇಡಿ. ನಮ್ಮಲ್ಲಿ ಒಂದು ಸಂಪುಟದ ಅರ್ಧವನ್ನು ಗೆದ್ದಲು ತಿಂದಿತ್ತು, ಆ ನಾಲ್ಕು ವರ್ಷದ ಮಕ್ಕಳ ಹೆಸರು ಇನ್ನು ಸಿಗುವುದಿಲ್ಲ. ದೂಳು ಒರೆಸಿ, ಹತ್ತಿ ಬಟ್ಟೆಯಲ್ಲಿ ಕಟ್ಟಿ, ಗೋಡೆಗೆ ತಾಗದ ಹಾಗೆ ಬೀರುವಿನ ಮೇಲಿನ ಅರೆಯಲ್ಲಿಟ್ಟು, ಮೇಲೆ ಇಸವಿ ಬರೆದ ಚೀಟಿ ಅಂಟಿಸಿ ಬನ್ನಿ.