ಕೋಶವನ್ನು ತಡೆಯದೆ ಎಣಿಸಿದ್ದು

ಪಿಎಚ್‌ಡಿಯ ಎರಡನೇ ವರ್ಷ. ವಿಕಿರಣ ತಗುಲಿ ಡಿಎನ್‌ಎಯ ಎರಡೂ ಎಳೆಗಳು ಒಂದೇ ಕಡೆ ತುಂಡಾದರೆ ಜೀವಕೋಶ ಅದನ್ನು ಜೋಡಿಸುವ ದಾರಿ ಕೋಶಚಕ್ರದ ಹಂತಕ್ಕೆ ತಕ್ಕಂತೆ ಬದಲಾಗುತ್ತದೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ಎಣಿಸಿ ತೋರಿಸುವುದು ನನ್ನ ಕೆಲಸವಾಗಿತ್ತು.

ಜಿ1 ಹಂತದಲ್ಲಿ ಡಿಎನ್‌ಎಯ ನಕಲು ಪ್ರತಿ ಇನ್ನೂ ಹುಟ್ಟಿರುವುದಿಲ್ಲ. ಹಾಗಾಗಿ ಕೂ ಎಂಬ ಪ್ರೋಟೀನು ತುಂಡಾದ ತುದಿಗಳನ್ನು ಹಿಡಿದುಕೊಳ್ಳುತ್ತದೆ, ಕೊನೆಗೆ ಲೈಗೇಸ್ 4 ಬೆಸೆಯುತ್ತದೆ. ಅವಸರದ ಬೆಸುಗೆ, ಒಂದೆರಡು ಅಕ್ಷರ ಕಳೆದುಹೋದರೂ ಹೋಯಿತು. ನಕಲು ನಡೆಯುವ ಎಸ್ ಮತ್ತು ಅದು ಮುಗಿದ ಮೇಲಿನ ಜಿ2 ಹಂತಗಳಲ್ಲಿ ಸೋದರಿ ಕ್ರೊಮ್ಯಾಟಿಡ್, ಅಂದರೆ ಆ ನಕಲು ಪ್ರತಿ, ಪಕ್ಕದಲ್ಲೇ ಇರುತ್ತದೆ. ಆಗ ಸಿಡಿಕೆ ಎಂಬ ಕಿಣ್ವ ಸಿಟಿಐಪಿ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಅಪ್ಪಣೆ ಕೊಡುತ್ತದೆ, ತುದಿಗಳು ಸವೆದು ಒಂಟಿ ಎಳೆ ಹೊರಬೀಳುತ್ತದೆ, ರ್‍ಯಾಡ್51 ಎಂಬ ಪ್ರೋಟೀನು ಅದಕ್ಕೆ ಸುತ್ತಿಕೊಂಡು ಸೋದರಿಯನ್ನು ನೋಡಿ ತಪ್ಪಿಲ್ಲದೆ ಬರೆದುಕೊಳ್ಳಲು ದಾರಿ ಮಾಡುತ್ತದೆ. ಜಿ1ನಲ್ಲಿ ಹಾಗೆ ಸವೆಯದಂತೆ 53ಬಿಪಿ1 ಮತ್ತು ಅದರ ಜತೆಗಾರ ಪ್ರೋಟೀನುಗಳು ತುದಿಯನ್ನು ಕಾಯುತ್ತವೆ. ಜಿ2 ಎಂದರೆ ಎಲ್ಲವೂ ಸೋದರಿಯನ್ನು ನೋಡಿಯೇ ರಿಪೇರಿ ಎಂದು ಹಲವರು ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಆದರೆ ವಿಕಿರಣದ ಗಾಯಗಳಲ್ಲಿ ಬಹುಪಾಲು ಜಿ2ನಲ್ಲೂ ನೇರ ಬೆಸುಗೆಯಿಂದಲೇ ಮುಗಿಯುತ್ತವೆ. ನಿಧಾನವಾಗಿ ವಾಸಿಯಾಗುವ ಸಣ್ಣ ಪಾಲು ಮಾತ್ರ ರ್‍ಯಾಡ್51ರ ಕೈಗೆ ಬರುತ್ತದೆ.

ಎಡವಿದ್ದು ಮೊದಲ ಹೆಜ್ಜೆಯಲ್ಲೇ. ಎಲ್ಲ ಕೋಶಗಳನ್ನೂ ಒಂದೇ ಹಂತಕ್ಕೆ ತರೋಣವೆಂದು 2 ಮಿಲಿಮೋಲಾರ್ ಥೈಮಿಡಿನ್ ಹಾಕಿ ತಡೆದೆ, ತೊಳೆದು ಬಿಟ್ಟೆ, ಮತ್ತೆ ತಡೆದೆ. ಒಂದೊಂದು ಕೋಶದ ಡಿಎನ್‌ಎ ಅಳೆಯುವ ಫ್ಲೋ ಸೈಟೋಮೀಟರಿನ ಗ್ರಾಫ್ ನೋಡಿದರೆ ಕಣ್ಣಿಗೆ ಹಬ್ಬ. ಡಿಎನ್‌ಎ ತುಂಡಾದ ಕಡೆ ಕಾಣುವ ಗ್ಯಾಮಾ-ಎಚ್2ಎಎಕ್ಸ್ ಚುಕ್ಕೆಗಳೂ ಧಾರಾಳವಾಗಿ ಬಂದವು. ಮೂರು ತಿಂಗಳ ಚಿತ್ರಗಳನ್ನು ಜೋಡಿಸಿಕೊಂಡು ಹೋದಾಗ ನಮ್ಮ ಮೇಡಂ ಕೇಳಿದ್ದು ಒಂದೇ ಮಾತು: “ವಿಕಿರಣ ಕೊಡದ ಸ್ಲೈಡ್ ಮೊದಲು ತೋರಿಸಮ್ಮ.”

ಅದರಲ್ಲೂ ಚುಕ್ಕೆಗಳಿದ್ದವು. ಥೈಮಿಡಿನ್ ಹೆಚ್ಚಾದರೆ ಡಿಎನ್‌ಎ ಕಟ್ಟುವ ಉಳಿದ ಸಾಮಗ್ರಿ, ಮುಖ್ಯವಾಗಿ ಸೈಟಿಡಿನ್ ಕಡೆಯದು, ಕೋಶದಲ್ಲಿ ಬರಿದಾಗುತ್ತದೆ. ನಕಲು ಮಾಡುತ್ತಿದ್ದ ಕವಲುಗಳು ನಿಂತಲ್ಲೇ ನಿಂತು ಗಾಯವಾಗುತ್ತವೆ. ಗಾಯದ ಲೆಕ್ಕ ಹಿಡಿಯಲು ಹೊರಟವಳು ಲೆಕ್ಕಕ್ಕೆ ಮೊದಲೇ ಗಾಯ ಮಾಡಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಕೋಶಗಳನ್ನು ಅವುಗಳ ಪಾಡಿಗೆ ಬಿಟ್ಟೆ. ಕ್ರೋಮೋಸೋಮ್ ಸಂಖ್ಯೆ ಹೆಚ್ಚುಕಡಿಮೆ ಸಹಜವಾಗಿರುವ ಆರ್‌ಪಿಇ-1 ಕೋಶಗಳನ್ನು ಕವರ್‌ಸ್ಲಿಪ್ ಮೇಲೆ ಬೆಳೆಸಿ, 20 ನಿಮಿಷ 10 ಮೈಕ್ರೋಮೋಲಾರ್ ಇಡಿಯು ಎಂಬ ಗುರುತು-ಪದಾರ್ಥ ಕೊಟ್ಟೆ. ಆ ಹೊತ್ತಿಗೆ ಎಸ್ ಹಂತದಲ್ಲಿದ್ದ ಕೋಶಗಳಿಗೆ ಮಾತ್ರ ಅದು ಅಂಟುತ್ತದೆ. ಮಂಜುಗಡ್ಡೆಯ ಮೇಲಿಟ್ಟು 2 ಗ್ರೇ ವಿಕಿರಣ. ವಾಪಸ್ ಇನ್‌ಕ್ಯುಬೇಟರಿಗೆ ಇಡುವಾಗ ಡಿಎನ್‌ಎ ನಕಲನ್ನು ನಿಲ್ಲಿಸುವ ಅಫಿಡಿಕೋಲಿನ್ ಸೇರಿಸಿದೆ, ಎಸ್ ಕೋಶಗಳು ನಡುವೆ ಜಿ2ಗೆ ನುಸುಳಬಾರದು. ಇದೂ ಒಂದು ತಡೆಯೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಇದು ನೋಯಿಸುವುದು ಎಸ್ ಕೋಶಗಳನ್ನು, ಅವು ಇಡಿಯು ಗುರುತಿನಿಂದಲೇ ಎಣಿಕೆಯ ಹೊರಗೆ ಉಳಿಯುತ್ತವೆ. ಉಳಿದವುಗಳಲ್ಲಿ ಡಿಎನ್‌ಎಗೆ ಅಂಟುವ ಡ್ಯಾಪಿ ಬಣ್ಣದ ಬೆಳಕು ಕಡಿಮೆ ಇದ್ದು ಸೈಕ್ಲಿನ್ ಎ ಪ್ರೋಟೀನು ಇಲ್ಲದ್ದು ಜಿ1, ಬೆಳಕು ದುಪ್ಪಟ್ಟಾಗಿ ಸೈಕ್ಲಿನ್ ಎ ಇರುವುದು ಜಿ2. ರ್‍ಯಾಡ್51 ನೋಡಬೇಕಾದರೆ ಫಿಕ್ಸ್ ಮಾಡುವ (ಕೋಶವನ್ನು ಇದ್ದಂತೆಯೇ ಗಟ್ಟಿಮಾಡುವ) ಮೊದಲೇ ಸಾಬೂನಿನಂಥ ಟ್ರೈಟಾನ್‌ನಲ್ಲಿ ತೊಳೆಯಿರಿ. ಇಲ್ಲದಿದ್ದರೆ ನ್ಯೂಕ್ಲಿಯಸ್ ತುಂಬ ಮಂಜು ಕವಿದಂತೆ ಕಾಣುತ್ತದೆ.

ವಿಕಿರಣ ಕೊಟ್ಟು ಆರು ಗಂಟೆಯಾದ ಸ್ಲೈಡಿನಲ್ಲಿ ಎರಡು ಕೋಶಗಳು ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಚಿಕ್ಕದು ಜಿ1. ಅದರಲ್ಲಿ ಗ್ಯಾಮಾ-ಎಚ್2ಎಎಕ್ಸ್ ಚುಕ್ಕೆ ಏಳೆಂಟು ಉಳಿದಿದ್ದವು, ರ್‍ಯಾಡ್51 ಒಂದೂ ಇಲ್ಲ. ಪಕ್ಕದ ದೊಡ್ಡದು ಜಿ2, ಅದರ ತುಂಬ ರ್‍ಯಾಡ್51 ಚುಕ್ಕೆಗಳು ಸೂಜಿಮೊನೆಯಷ್ಟು ಸ್ಪಷ್ಟ. ಒಂದೇ ತಟ್ಟೆ, ಒಂದೇ ವಿಕಿರಣ. ಕಣ್ಣು ತುಂಬಿ ಬಂತು.

ವಿಕಿರಣ ಕೊಡದ ಸ್ಲೈಡನ್ನು ಈ ಸಲ ಮೊದಲೇ ನೋಡಿದ್ದೆ. ಅದರಲ್ಲೊಂದು ಜೋಡಿ, ಆಗಷ್ಟೇ ಒಡೆದು ಎರಡಾದ ಜಿ1 ಕೋಶಗಳು. ಎರಡರಲ್ಲೂ ಎರಡೆರಡು ದಪ್ಪ 53ಬಿಪಿ1 ಉಂಡೆಗಳು, ಕನ್ನಡಿಯಲ್ಲಿ ನೋಡಿದಂತೆ. ತಾಯಿಕೋಶ ನಕಲು ಮಾಡಿ ಮುಗಿಸಲಾಗದೆ ದಾಟಿಸಿದ ಗಾಯದ ಗುರುತು ಅದು. ಇವನ್ನು ವಿಕಿರಣದ ಚುಕ್ಕೆಗಳೆಂದು ಎಣಿಸಿಬಿಡುವುದು ತೀರಾ ಸುಲಭ. ಗಾತ್ರ ನೋಡಿ ಬೇರ್ಪಡಿಸಿ. ಕೋಶ ಒಡೆಯುತ್ತಿರುವ ಹಂತದಲ್ಲಿರುವವನ್ನೂ ಎಣಿಕೆಯಿಂದ ಬಿಡಿ. ಅಲ್ಲಿ ಗ್ಯಾಮಾ-ಎಚ್2ಎಎಕ್ಸ್ ಗುರುತು ಬೀಳುತ್ತದೆ, ಆದರೆ 53ಬಿಪಿ1 ಬಂದು ಕೂರುವುದಿಲ್ಲ.

ಈಗ ನಾನು ನೋಡುವುದು ಕ್ಯಾನ್ಸರ್ ಗೆಡ್ಡೆಯ ತೆಳು ಸೀಳುಗಳನ್ನು. ಬಿಆರ್‌ಸಿಎ ಎಂಬ ರಿಪೇರಿ ಜೀನ್ ಕೆಟ್ಟ ಗೆಡ್ಡೆಯಲ್ಲಿ ಸಾಮಾನ್ಯವಾಗಿ ರ್‍ಯಾಡ್51 ಚುಕ್ಕೆ ಕಟ್ಟುವುದಿಲ್ಲ, ಒಲಾಪರಿಬ್‌ನಂಥ ಔಷಧಕ್ಕೆ ಅಂಥದ್ದು ಬಗ್ಗುವ ಸಾಧ್ಯತೆ ಹೆಚ್ಚು. ಆದರೆ ಜಿ1ನಲ್ಲಿರುವ ಕೋಶದಲ್ಲೂ ಚುಕ್ಕೆ ಇರುವುದಿಲ್ಲವಲ್ಲ! ಅದಕ್ಕೇ ಎಸ್ ಮತ್ತು ಜಿ2ನಲ್ಲಿರುವ ಜೆಮಿನಿನ್ ಪ್ರೋಟೀನಿಗೂ ಬಣ್ಣ ಕಟ್ಟಿ, ಅದು ಹೊಳೆಯುವ ಕೋಶಗಳಲ್ಲಿ ಮಾತ್ರ ರ್‍ಯಾಡ್51 ಎಣಿಸುತ್ತೇನೆ. ಅಂಥ ಕೋಶಗಳು ಸಾಕಷ್ಟು ಸಿಗದಿದ್ದರೆ ಫಲಿತಾಂಶ ಬರೆಯುವುದಿಲ್ಲ, ಅದೇ ಗೆಡ್ಡೆಯ ಇನ್ನೊಂದು ಸೀಳು ಕೇಳುತ್ತೇನೆ.