ಗಿಡ್ಡ ಕೂದಲಿಗೆ ಮನೆಯಲ್ಲೇ ಸುರುಳಿ: ನನ್ನ ಅನುಭವ

ಗಲ್ಲದ ಮಟ್ಟಕ್ಕೆ ಕತ್ತರಿಸಿದ, ಹುಟ್ಟಿನಿಂದಲೂ ನೇರವಾದ ಕೂದಲು ನನ್ನದು. ಅದಕ್ಕೆ ಮನೆಯಲ್ಲೇ ಸುರುಳಿ ಕೊಡುವುದನ್ನು ಕೆಲವು ವರ್ಷಗಳಿಂದ ರೂಢಿಸಿಕೊಂಡಿದ್ದೇನೆ. ಉದ್ದ ಕೂದಲಿನವರು ಹೇಳಿಕೊಡುವ ಕ್ರಮಗಳಲ್ಲಿ ಹೆಚ್ಚಿನವು ಗಿಡ್ಡ ಕೂದಲಿಗೆ ಒಗ್ಗುವುದಿಲ್ಲ. ಅದಕ್ಕೆ ಕಾರಣ ಸುತ್ತಳತೆಯ ಲೆಕ್ಕದಲ್ಲಿದೆ. 32 ಮಿ.ಮೀ. ದಪ್ಪದ ಕರ್ಲಿಂಗ್ ಐರನ್ನಿನ ಸುತ್ತಳತೆ ಸುಮಾರು 10 ಸೆಂ.ಮೀ. ಆಗುತ್ತದೆ. ಅಷ್ಟೇ ಉದ್ದದ ಕೂದಲು ಅದರ ಮೇಲೆ ಒಂದು ಸುತ್ತು ಬರುವಷ್ಟರಲ್ಲಿ ಮುಗಿದುಹೋಗುವುದರಿಂದ ತುದಿಯಲ್ಲೊಂದು ಬಾಗು ಮಾತ್ರ ಮೂಡುತ್ತದೆ. ಕಣ್ಣಿಗೆ ಸುರುಳಿಯೆಂದು ಕಾಣಲು ಕನಿಷ್ಠ ಒಂದೂವರೆ ಸುತ್ತಾದರೂ ಬೇಕು. ಸುಮಾರು 6 ಸೆಂ.ಮೀ. ಸುತ್ತಳತೆಯ 19 ಮಿ.ಮೀ. ಐರನ್ನಿನಲ್ಲಿ ಅದು ಸಾಧ್ಯ. ಬೆರಳಿಗೆ ಸುತ್ತಿದರಂತೂ ಇನ್ನೂ ಸುಲಭ.

ಹೀಗಾಗಿ ನಾನು ಬಹುಪಾಲು ಬಳಸುವುದು ಬೆರಳು ಮತ್ತು ಹೇರ್‌ಪಿನ್ನನ್ನೇ. ಇದನ್ನು ಪಿನ್ ಕರ್ಲ್ ಎನ್ನುತ್ತಾರೆ. 1930 ಮತ್ತು 40ರ ದಶಕಗಳಲ್ಲಿ ಪಶ್ಚಿಮ ದೇಶಗಳ ಹೆಂಗಸರು ರಾತ್ರಿ ಮಲಗುವ ಮುನ್ನ ಮಾಡಿಕೊಳ್ಳುತ್ತಿದ್ದ ಕ್ರಮವಿದು. ಕೂದಲಿನ ಕೆರಾಟಿನ್ ಪ್ರೋಟೀನಿನೊಳಗಿನ ಹೈಡ್ರೋಜನ್ ಬಂಧಗಳು ನೀರು ತಾಗಿದಾಗಲೂ ಕಾವು ತಾಗಿದಾಗಲೂ ಸಡಿಲಗೊಂಡು, ಒಣಗುವಾಗ ಅಥವಾ ತಣಿಯುವಾಗ ಕೂದಲು ಯಾವ ಆಕಾರದಲ್ಲಿರುತ್ತದೆಯೋ ಅದೇ ಆಕಾರದಲ್ಲಿ ಮತ್ತೆ ಬೆಸೆದುಕೊಳ್ಳುತ್ತವೆ. ಆದ್ದರಿಂದ ಕೂದಲು ಸುತ್ತಿಟ್ಟ ಸ್ಥಿತಿಯಲ್ಲೇ ಪೂರ್ತಿ ಒಣಗುವುದು ಮುಖ್ಯ. ಒಳಪದರದಲ್ಲಿ ಸ್ವಲ್ಪ ತೇವ ಉಳಿದಿದ್ದರೂ ಪಿನ್ನು ತೆಗೆದ ಅರ್ಧ ಗಂಟೆಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತದೆ.

ಸುರುಳಿ ಹಿಡಿದು ನಿಲ್ಲಲು ಹಚ್ಚುವ ಜೆಲ್ಲನ್ನು ಅಗಸೆ ಬೀಜದಿಂದ ಮಾಡಿಕೊಳ್ಳುತ್ತೇನೆ. ಧಾರವಾಡದ ಕಡೆಯ ನಮ್ಮ ಮನೆಗಳಲ್ಲಿ ಚಟ್ನಿಪುಡಿಗೆಂದು ಅಗಸೆ ಸದಾ ಇರುತ್ತದೆಯಾದ್ದರಿಂದ ಬೇರೆ ಖರ್ಚಿಲ್ಲ. ಎರಡು ಬಟ್ಟಲು ನೀರಿಗೆ ಕಾಲು ಬಟ್ಟಲು ಬೀಜ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಕುದಿಸಿದರೆ ನೀರು ಮೊಟ್ಟೆಯ ಬಿಳಿಯಂತೆ ಲೋಳೆಯಾಗುತ್ತದೆ. ಆ ಹಂತದಲ್ಲಿ ಒಲೆಯಿಂದಿಳಿಸಿ, ಬಿಸಿಯಿರುವಾಗಲೇ ತೆಳುವಾದ ಬಟ್ಟೆಯಲ್ಲಿ ಸೋಸಬೇಕು. ಆರಿದ ಮೇಲೆ ಅದು ಬಟ್ಟೆಯಿಂದ ಇಳಿಯುವುದೇ ಇಲ್ಲ. ಫ್ರಿಜ್ಜಿನಲ್ಲಿಟ್ಟರೆ ಸುಮಾರು ಒಂದು ವಾರ ಬಳಸಬಹುದು, ವಾಸನೆ ಬದಲಾದರೆ ಚೆಲ್ಲಬೇಕು.

ತಲೆಸ್ನಾನ ಮಾಡಿ, ನೀರು ತೊಟ್ಟಿಕ್ಕದಷ್ಟು ಒರೆಸಿ, ಬೈತಲೆ ತೆಗೆದು, ನೆತ್ತಿಯಿಂದ ಆರಂಭಿಸುತ್ತೇನೆ. ಒಂದು ಅಂಗುಲ ಅಗಲದ ಕೂದಲನ್ನು ಬೇರ್ಪಡಿಸಿ, ಸಿಕ್ಕಿಲ್ಲದಂತೆ ಬಾಚಿ, ಬುಡದಿಂದ ತುದಿಯವರೆಗೆ ಜೆಲ್ ಸವರಿ, ತುದಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಬುಡದ ಕಡೆಗೆ ಸುತ್ತುತ್ತ ಬರಬೇಕು. ತುದಿ ಸುತ್ತಿನ ಒಳಗೇ ಇರಬೇಕು. ಹೊರಗುಳಿದ ತುದಿ ಒಣಗಿದ ಮೇಲೆ ಕಡ್ಡಿಯಂತೆ ನೆಟ್ಟಗೆ ನಿಲ್ಲುತ್ತದೆ. ಬೆರಳನ್ನು ಮೆಲ್ಲಗೆ ಹೊರತೆಗೆದು, ಸುತ್ತನ್ನು ತಲೆಗೆ ಚಪ್ಪಟೆಯಾಗಿ ಒತ್ತಿ, ಎರಡು ಪಿನ್ನುಗಳನ್ನು ಅಡ್ಡಡ್ಡ ಸಿಕ್ಕಿಸುತ್ತೇನೆ. ಮುಖದ ಎರಡೂ ಬದಿಯ ಸುತ್ತುಗಳು ಹಿಂದಕ್ಕೆ ತಿರುಗಿರಬೇಕು, ಇಲ್ಲವಾದರೆ ಮುಂಗುರುಳು ಕಣ್ಣಿನ ಮೇಲೆ ಬೀಳುತ್ತದೆ. ಹಿಂಗತ್ತಿನ ಬಳಿಯ 4–5 ಸೆಂ.ಮೀ. ಕೂದಲನ್ನು ನಾನು ಮುಟ್ಟುವುದಿಲ್ಲ. ಅದನ್ನೂ ಸುತ್ತಲೇಬೇಕೆಂದು ಹಟ ಹಿಡಿಯುವವರನ್ನು ಕಂಡಿದ್ದೇನೆ, ಆದರೆ ಮೇಲಿನ ಸುರುಳಿಗಳು ಇಳಿದಾಗ ಅದು ಹೇಗೂ ಮರೆಯಾಗುತ್ತದೆ. ತಲೆಗೆ ತೆಳುವಾದ ಹತ್ತಿ ಬಟ್ಟೆ ಕಟ್ಟಿಕೊಂಡು ಮಲಗಿದರೆ ಬೆಳಿಗ್ಗೆ ಒಣಗಿರುತ್ತದೆ. ಪಿನ್ನುಗಳನ್ನು ಕೆಳಗಿನ ಸಾಲಿನಿಂದ ತೆಗೆಯುತ್ತ ಬಂದು, ಬಾಚಣಿಗೆ ಮುಟ್ಟಿಸದೆ ಬೆರಳಿನಿಂದಲೇ ಬಿಡಿಸುತ್ತೇನೆ. ಗಲ್ಲದವರೆಗಿದ್ದ ಕೂದಲು ಆಗ ಕಿವಿಯ ಮಟ್ಟಕ್ಕೇರುತ್ತದೆ ಎಂಬುದನ್ನು ಕತ್ತರಿಸಿಕೊಳ್ಳುವಾಗಲೇ ಲೆಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಅವಸರದ ದಿನಗಳಿಗೆ 19 ಮಿ.ಮೀ.ನ ಐರನ್ ಇದೆ. ಇದಕ್ಕೆ ಕೂದಲು ಸಂಪೂರ್ಣ ಒಣಗಿರಬೇಕು, ಎಣ್ಣೆ ಇರಲೇಬಾರದು. ಒದ್ದೆ ಕೂದಲಿಗೆ ಕಾದ ಲೋಹ ತಾಗಿದರೆ ಒಳಗಿನ ನೀರು ಆವಿಯಾಗಿ ಕೂದಲಿನೊಳಗೆ ಗುಳ್ಳೆಗಳಾಗುತ್ತವೆ, ಅಂಥ ಕೂದಲು ಅಲ್ಲಿಯೇ ಮುರಿಯುತ್ತದೆ. ಶಾಖದಿಂದ ಕಾಪಾಡುವ ಸ್ಪ್ರೇ ಹಾಕಿ ಒಣಗಿದ ಮೇಲೆ, 150 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಒಂದೊಂದು ಎಸಳನ್ನೂ ಎಂಟು-ಹತ್ತು ಸೆಕೆಂಡು ಹಿಡಿಯುತ್ತೇನೆ. ಗಿಡ್ಡ ಕೂದಲಿನಲ್ಲಿ ಐರನ್ ನೆತ್ತಿಯ ಚರ್ಮಕ್ಕೆ ತೀರಾ ಹತ್ತಿರ ಬರುವುದರಿಂದ ನಡುವೆ ಬಾಚಣಿಗೆಯನ್ನು ಅಡ್ಡ ಹಿಡಿಯುವುದು ನನ್ನ ಕ್ರಮ. ಪ್ಲಾಸ್ಟಿಕ್ಕಿನದು ಕರಗಬಹುದಾದ್ದರಿಂದ ಮರದ್ದೇ ಆಗಬೇಕು. ಬಿಸಿ ಸುರುಳಿಯನ್ನು ಹಾಗೇ ಕೆಳಗೆ ಬಿಡದೆ, ಸುತ್ತಿದ ಆಕಾರದಲ್ಲೇ ಕ್ಲಿಪ್ ಹಾಕಿ ತಣಿಯಲು ಬಿಟ್ಟರೆ ಅದು ಸಂಜೆಯವರೆಗೂ ಉಳಿಯುತ್ತದೆ.

ಈಗ ನಾನಿರುವುದು ಮಂಗಳೂರಿನಲ್ಲಿ. ಇಲ್ಲಿನ ಮಳೆಗಾಲದ ಗಾಳಿಯಲ್ಲಿರುವ ತೇವವೇ ಆ ಬಂಧಗಳನ್ನು ಮತ್ತೆ ಸಡಿಲಿಸಲು ಸಾಕು. ಧಾರವಾಡದ ಚಳಿಗಾಲದಲ್ಲಿ ಎರಡು ದಿನ ನಿಲ್ಲುವ ಸುರುಳಿ ಇಲ್ಲಿ ಜೂನ್-ಜುಲೈ ತಿಂಗಳುಗಳಲ್ಲಿ ಮಧ್ಯಾಹ್ನಕ್ಕೇ ಇಳಿಯತೊಡಗುತ್ತದೆ. ರಾತ್ರಿಯಿಡೀ ಕಟ್ಟಿಟ್ಟರೂ ಒಣಗದ ಆ ದಿನಗಳಲ್ಲಿ ಬೆಳಿಗ್ಗೆ ಪಿನ್ನು ತೆಗೆಯುವ ಮೊದಲು ಡ್ರೈಯರಿನ ಹದವಾದ ಬಿಸಿಗಾಳಿಯನ್ನೂ ಆಮೇಲೆ ತಣ್ಣನೆಯ ಗಾಳಿಯನ್ನೂ ಹಾಯಿಸುತ್ತೇನೆ, ಜೆಲ್ಲನ್ನು ಸ್ವಲ್ಪ ಹೆಚ್ಚಾಗಿ ಹಚ್ಚುತ್ತೇನೆ.

ಪಾರ್ಲರಿನಲ್ಲಿ ಪರ್ಮ್ ಮಾಡಿಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಪರ್ಮಿನ ರಾಸಾಯನಿಕಗಳು ಇನ್ನೂ ಗಟ್ಟಿಯಾದ ಗಂಧಕದ ಬಂಧಗಳನ್ನೇ ಮುರಿದು ಮರುಜೋಡಿಸುವುದರಿಂದ ನೀರಿಗೆ ಆ ಸುರುಳಿ ಬಿಚ್ಚುವುದಿಲ್ಲ, ನಿಜ. ಆದರೆ ಕೂದಲು ತಿಂಗಳಿಗೆ ಒಂದು ಸೆಂ.ಮೀ.ಗಿಂತ ತುಸು ಹೆಚ್ಚು ಬೆಳೆಯುತ್ತದೆ. ಬಾಬ್ ಕಟ್ಟಿನ ಆಕಾರ ಉಳಿಸಿಕೊಳ್ಳಲು ಆಗಾಗ ತುದಿ ಕತ್ತರಿಸುತ್ತಲೇ ಇರಬೇಕಾದ ನನ್ನಂಥವರಿಗೆ, ಹಣ ಕೊಟ್ಟು ಮಾಡಿಸಿದ ಸುರುಳಿ ಬೇಗನೆ ಕತ್ತರಿಯ ಪಾಲಾಗುತ್ತದೆ. ಅದಕ್ಕಿಂತ ಎರಡನೆಯ ದಿನ ಸೋತ ಎಸಳುಗಳಿಗಷ್ಟೇ ನೀರು ಚಿಮುಕಿಸಿ, ಮತ್ತೆ ಬೆರಳಿಗೆ ಸುತ್ತಿ ಪಿನ್ನು ಹಾಕಿಕೊಂಡು ಅಡುಗೆಗೆ ನಿಂತರೆ, ತಿಂಡಿ ಸಿದ್ಧವಾಗುವ ಹೊತ್ತಿಗೆ ಅವೂ ಒಣಗಿರುತ್ತವೆ. ಉಳಿದವನ್ನು ಮುಟ್ಟುವ ಅಗತ್ಯವಿಲ್ಲ.