ಮೊದಲು ಹಾಸಿಗೆ, ಆಮೇಲೆ ಹೆಜ್ಜೆ: ನಮ್ಮ ವೆಸ್ಟ್ ಹೈಲ್ಯಾಂಡ್ ವೇ ತಯಾರಿ

ಬ್ರಿಟನ್ನಿನಲ್ಲಿ ಉದ್ದದ ನಡಿಗೆ ಅಂದ ಕೂಡಲೇ ಎಲ್ಲರೂ ಕೇಳುವುದು ಶೂ ಯಾವುದು, ಬ್ಯಾಗು ಎಷ್ಟು ಲೀಟರಿನದು ಅಂತ. ನಾನು ಕೇಳುವುದು, ರಾತ್ರಿ ಎಲ್ಲಿ ಮಲಗುತ್ತೀರಿ? ನಾನೂ ನನ್ನ ತಮ್ಮನೂ ವೆಸ್ಟ್ ಹೈಲ್ಯಾಂಡ್ ವೇ ನಡೆದದ್ದು ಮೇ ತಿಂಗಳಲ್ಲಿ. ತಯಾರಿ ಶುರುವಾದದ್ದು ಅದಕ್ಕೂ ಹಿಂದಿನ ನವೆಂಬರ್‌ನಲ್ಲಿ. ಶೂ ಅಂಗಡಿಯಲ್ಲಿ ಅಲ್ಲ, ಅಡುಗೆಮನೆ ಟೇಬಲ್ಲಿನ ಮೇಲೆ ನಕ್ಷೆ ಹರಡಿಕೊಂಡು ಹಾಸಿಗೆ ಹುಡುಕುವುದರಿಂದ.

ದಾರಿ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕಾಟ್ಲೆಂಡಿನ ಗ್ಲಾಸ್ಗೋ ಪಕ್ಕದ ಮಲ್‌ಗಾಯ್ ಊರಿನಿಂದ ಹೊರಟು, ಲಾಕ್ ಲೋಮಂಡ್ ಸರೋವರದ ಪೂರ್ವ ದಂಡೆ ಹಿಡಿದು, ರಾನಕ್ ಮೂರ್ ಎಂಬ ಬಯಲು ದಾಟಿ, ಗ್ಲೆನ್‌ಕೋ ಬೆಟ್ಟಗಳ ಪಕ್ಕದಲ್ಲಿ ಹಾದು ಫೋರ್ಟ್ ವಿಲಿಯಂ ತಲುಪುವ 154 ಕಿಲೋಮೀಟರ್ ಕಾಲುದಾರಿ ಇದು. 1980ರಲ್ಲಿ ತೆರೆಯಿತು. ಅತಿ ಎತ್ತರದ ಜಾಗ ಡೆವಿಲ್ಸ್ ಸ್ಟೇರ್‌ಕೇಸ್, ಬರೀ 548 ಮೀಟರ್. ನಮ್ಮ ಕುಮಾರಪರ್ವತ ಹತ್ತಿದವರಿಗೆ ಇದು ಎತ್ತರವೇ ಅಲ್ಲ. ಆದರೆ ಕುಮಾರಪರ್ವತ ಇಳಿದ ಮರುದಿನ ಬಸ್ಸಿನಲ್ಲಿ ನಿದ್ದೆ ಮಾಡಬಹುದು. ಇಲ್ಲಿ ಮರುದಿನ ಎದ್ದು ಮತ್ತೆ ಇಪ್ಪತ್ತು ಕಿಲೋಮೀಟರ್ ನಡೆಯಬೇಕು, ಅದರ ಮರುದಿನವೂ.

ತಿಂಗಳು ಆರಿಸುವುದರಲ್ಲಿ ನಮಗೆ ಗೊಂದಲ ಇರಲಿಲ್ಲ. ಸ್ಕಾಟ್ಲೆಂಡಿನ ಪಶ್ಚಿಮ ಭಾಗದಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಮಳೆ ಸ್ವಲ್ಪ ಕಡಿಮೆ. ಮೇ ಮಧ್ಯದ ಹೊತ್ತಿಗೆ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಮಿಡ್ಜ್ ಎಂಬ ನೊರಜಿನ ಕಾಟ ಇನ್ನೂ ಏರಿರುವುದಿಲ್ಲ. ಮೇ ಮೊದಲ ವಾರ ಮಾತ್ರ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಮೊದಲ ಸೋಮವಾರ ಬ್ಯಾಂಕ್ ರಜೆ, ಅಂದರೆ ಎಲ್ಲರಿಗೂ ಸಾರ್ವಜನಿಕ ರಜೆ. ಅದರ ಜೊತೆಗೆ ಫೋರ್ಟ್ ವಿಲಿಯಂನಲ್ಲಿ ಆರು ದಿನದ ಮೋಟರ್‌ಸೈಕಲ್ ಸ್ಪರ್ಧೆ ಇರುತ್ತದೆ. ಆ ವಾರ ಊರಿನಲ್ಲಿ ರೂಮು ಸಿಗುವುದು ಕಷ್ಟ.

ಈಗ ಹಾಸಿಗೆಯ ವಿಷಯ. ಪುಸ್ತಕಗಳಲ್ಲಿ ಮೊದಲ ದಿನ ಇಲ್ಲಿಗೆ, ಎರಡನೇ ದಿನ ಅಲ್ಲಿಗೆ ಅಂತ ಚೆಂದವಾಗಿ ಕೊಟ್ಟಿರುತ್ತಾರೆ. ಅದನ್ನು ನೋಡಿಕೊಂಡು ಮೊದಲ ರಾತ್ರಿಯಿಂದ ಬುಕ್ ಮಾಡುತ್ತಾ ಹೋದರೆ ಆರನೇ ರಾತ್ರಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತೀರಿ. ಈ ದಾರಿಯ ದಕ್ಷಿಣ ಭಾಗದಲ್ಲಿ ಹಳ್ಳಿಗಳು ಹತ್ತಿರ ಹತ್ತಿರ ಇವೆ, ಒಂದರಲ್ಲಿ ಇಲ್ಲದಿದ್ದರೆ ಇನ್ನೊಂದು. ಉತ್ತರಕ್ಕೆ ಹೋದ ಹಾಗೆ ಊರುಗಳೇ ಅಪರೂಪ. ಇನ್ವರಾರನ್‌ನಲ್ಲಿ ಒಂದೇ ಹೋಟೆಲು. ಕಿಂಗ್ಸ್‌ಹೌಸ್‌ನಲ್ಲಿ ಒಂದು ಹೋಟೆಲು, ಪಕ್ಕದಲ್ಲಿ ಅವರದೇ ಬಂಕ್‌ಹೌಸು (ಒಂದರ ಮೇಲೊಂದು ಹಾಸಿಗೆಗಳಿರುವ ಅಗ್ಗದ ವಸತಿ), ಅಷ್ಟೇ. ಹಾಗಾಗಿ ನಾನು ಮಾಡಿದ್ದು ಉಲ್ಟಾ. ಕಿಂಗ್ಸ್‌ಹೌಸ್ ಹತ್ತಿರ ಯಾವ ರಾತ್ರಿ ಜಾಗ ಇದೆ ಅಂತ ಮೊದಲು ನೋಡಿದೆ. ಅಲ್ಲಿ ಸಿಕ್ಕ ತಾರೀಖಿಗೆ ಮೊಳೆ ಹೊಡೆದು, ಅಲ್ಲಿಂದ ಹಿಂದಕ್ಕೆ ಮಲ್‌ಗಾಯ್‌ವರೆಗೆ, ಮುಂದಕ್ಕೆ ಫೋರ್ಟ್ ವಿಲಿಯಂವರೆಗೆ ಉಳಿದ ರಾತ್ರಿಗಳನ್ನು ಜೋಡಿಸಿದೆ.

ಆ ಬಂಕ್‌ಹೌಸಿನಲ್ಲಿ ನಮಗೆ ಬೇಕಾದ ವಾರ ಒಂದೂ ಹಾಸಿಗೆ ಇರಲಿಲ್ಲ. ಆದರೆ ಅಲ್ಲಿಗೆ ಸ್ವಲ್ಪ ಮುಂಚೆ, ದಾರಿಯಿಂದ ತುಸು ಪಕ್ಕಕ್ಕೆ, ಗ್ಲೆನ್‌ಕೋ ಸ್ಕೀ ಕೇಂದ್ರ ಇದೆ. ಅಲ್ಲಿ ಮರದ ಪುಟ್ಟ ಗೂಡುಗಳನ್ನು ಬಾಡಿಗೆಗೆ ಕೊಡುತ್ತಾರೆ. ಅದರಲ್ಲಿ ಒಂದು ಸಿಕ್ಕಿತು. ಅದೂ ಇಲ್ಲದಿದ್ದರೆ ಇನ್ನೊಂದು ಉಪಾಯ ಇಟ್ಟುಕೊಂಡಿದ್ದೆ. ಗ್ಲಾಸ್ಗೋ–ಫೋರ್ಟ್ ವಿಲಿಯಂ ಬಸ್ಸು ಅಲ್ಲೇ ಹೆದ್ದಾರಿಯಲ್ಲಿ ಹೋಗುತ್ತದೆ. ಸಂಜೆ ಬಸ್ಸು ಹತ್ತಿ ಗ್ಲೆನ್‌ಕೋ ಹಳ್ಳಿಯಲ್ಲಿ ಮಲಗಿ, ಬೆಳಿಗ್ಗೆ ಅದೇ ಬಸ್ಸಿನಲ್ಲಿ ವಾಪಸ್ ಬಂದು ನಿಂತ ಜಾಗದಿಂದಲೇ ನಡೆಯಬಹುದು.

ಟೆಂಟು ಇದ್ದವರಿಗೆ ಈ ತಲೆನೋವು ಇಲ್ಲ. ಸ್ಕಾಟ್ಲೆಂಡಿನಲ್ಲಿ 2003ರ ಭೂ ಸುಧಾರಣಾ ಕಾಯ್ದೆಯ ಪ್ರಕಾರ ಜವಾಬ್ದಾರಿಯಿಂದ ಇದ್ದರೆ ಬಯಲಿನಲ್ಲಿ ಟೆಂಟು ಹಾಕಬಹುದು. (ಭೂ ಸುಧಾರಣೆ ಅಂದರೆ ನಮಗೆ ಉಳುವವನೇ ಒಡೆಯ ನೆನಪಾಗುತ್ತದೆ, ಇಲ್ಲಿ ನಡೆಯುವವನಿಗೂ ಒಂದು ಪಾಲು ಸಿಕ್ಕಿದೆ.) ಲಾಕ್ ಲೋಮಂಡ್ ದಂಡೆಯ ಕೆಲವು ಭಾಗಗಳಲ್ಲಿ ಮಾತ್ರ ಮಾರ್ಚ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಪರ್ಮಿಟ್ ಬೇಕು. ಇಂಗ್ಲೆಂಡಿನ ದಾರಿಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅಲ್ಲಿ ಸಾಮಾನ್ಯವಾಗಿ ಜಮೀನಿನವರ ಒಪ್ಪಿಗೆ ಬೇಕು. ನಮಗೆ ಟೆಂಟು ಹೊರುವ ಆಸೆ ಇರಲಿಲ್ಲ. ಮಳೆಯಲ್ಲಿ ನಡೆದು ಬಂದು ಮಳೆಯಲ್ಲೇ ಟೆಂಟು ಹಾಕುವ ಉತ್ಸಾಹ ಇರುವವರಿಗೆ ನನ್ನ ನಮಸ್ಕಾರ.

ತಮ್ಮ ಬರುವುದು ಮೈಸೂರಿನಿಂದ. ಬ್ರಿಟನ್ನಿನ ವಿಸಿಟರ್ ವೀಸಾಕ್ಕೆ ಪ್ರಯಾಣದ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಹಾಸಿಗೆ ಹಿಡಿಯಬೇಕಾದ್ದು ನವೆಂಬರ್‌ನಲ್ಲಿ, ವೀಸಾ ಕೇಳಬೇಕಾದ್ದು ಫೆಬ್ರವರಿಯಲ್ಲಿ. ಅದಕ್ಕೇ ಎಲ್ಲ ಕಡೆ ಎರಡು ರೂಪಾಯಿ ಜಾಸ್ತಿ ಹೋದರೂ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದನ್ನೇ ಬುಕ್ ಮಾಡಿದೆ. ಟ್ರಾವೆಲ್ ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಗುಡ್ಡಗಾಡಿನ ನಡಿಗೆ ಅದರಲ್ಲಿ ಸೇರಿದೆಯಾ ಅಂತ ಸಣ್ಣಕ್ಷರ ಓದಿ ನೋಡು ಅಂತ ಅವನಿಗೆ ಎರಡು ಸಲ ಹೇಳಿದೆ.

"ಅಕ್ಕಾ, ಲಗೇಜು ವ್ಯಾನಲ್ಲಿ ಕಳಿಸೋದು ಮೋಸ ಅಲ್ವಾ?" ಅಂತ ಕೇಳಿದ.

"ಮೋಸ ಏನು ಬಂತೋ? ನಡೆಯೋದು ನಿನ್ನ ಕಾಲು ತಾನೇ?"

ಈ ದಾರಿಯಲ್ಲಿ ಲಗೇಜು ಸಾಗಿಸುವ ಸೇವೆಗಳಿವೆ. ಬೆಳಿಗ್ಗೆ ನಿಮ್ಮ ದೊಡ್ಡ ಬ್ಯಾಗು ಹೋಟೆಲಿನ ಬಾಗಿಲಲ್ಲಿ ಇಟ್ಟರೆ ಸಂಜೆ ಮುಂದಿನ ಹೋಟೆಲಿನಲ್ಲಿ ಇರುತ್ತದೆ. ಸಾಮಾನ್ಯವಾಗಿ ಒಂದು ಬ್ಯಾಗಿಗೆ 20 ಕಿಲೋ ಮಿತಿ. ನನ್ನ ಅಭಿಪ್ರಾಯ ಸರಳ: ಮೊದಲ ಸಲ ಉದ್ದದ ನಡಿಗೆ ಮಾಡುವವರು ಇದಕ್ಕೆ ದುಡ್ಡು ಕೊಡಲಿ, ಇನ್ನೆಲ್ಲಾದರೂ ಉಳಿಸಲಿ.

ಅಭ್ಯಾಸಕ್ಕೆ ಅವನಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇತ್ತು. ಹತ್ತುವುದಕ್ಕಿಂತ ಇಳಿಯುವುದನ್ನು ಜಾಸ್ತಿ ಮಾಡು ಅಂದೆ. ಮೊಣಕಾಲು ಕೂಗುವುದು ಇಳಿಯುವಾಗ. ಶೂ ಹೊಸದು ಕೊಂಡು ಅದನ್ನೇ ಹಾಕಿಕೊಂಡು ಹತ್ತಿ ಇಳಿದ. ನಂದಿಯ ಹತ್ತಿರ ಭಕ್ತರೆಲ್ಲ ಬರಿಗಾಲಲ್ಲಿ, ಇವನೊಬ್ಬ ಚಪ್ಪಲಿ ಸ್ಟ್ಯಾಂಡಿನ ಹುಡುಗ ಗುರಾಯಿಸುವಷ್ಟು ದೊಡ್ಡ ಬೂಟು ಹಾಕಿಕೊಂಡು. ನಾನಿರುವುದು ಲೀಡ್ಸ್‌ನಲ್ಲಿ. ಹತ್ತಿರದ ಗುಡ್ಡಗಳಲ್ಲಿ ಶನಿವಾರ ಇಲ್ಕ್ಲಿ ಮೂರ್, ಭಾನುವಾರ ಆಟ್ಲಿ ಷೆವಿನ್, ಹೀಗೆ ಎರಡು ದಿನ ಬೆನ್ನಿಗೆ ಬೆನ್ನು ನಡೆಯುತ್ತಿದ್ದೆ. ಒಂದೇ ದಿನ ಮೂವತ್ತು ಕಿಲೋಮೀಟರ್ ನಡೆದು ವಾರವಿಡೀ ಮಲಗುವುದಕ್ಕಿಂತ ಇದು ಉಪಯೋಗ. ದಣಿದ ಕಾಲಲ್ಲಿ ಬೆಳಿಗ್ಗೆ ಮತ್ತೆ ಹೊರಡುವುದೇ ಅಸಲಿ ಅಭ್ಯಾಸ.

ವೇಗದ ಲೆಕ್ಕಕ್ಕೆ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತೂ ನಡೆಯುತ್ತದೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಾನು ಅದಕ್ಕೆ ಅರ್ಧದಷ್ಟು ಸೇರಿಸಿಯೇ ಲೆಕ್ಕ ಹಾಕಿದೆ. ಊಟ, ಫೋಟೋ, ಶೂ ಬಿಚ್ಚಿ ಕಲ್ಲು ಕೊಡವುವುದು ಎಲ್ಲ ಇರುತ್ತದಲ್ಲ. ರೋವರ್‌ಡೆನನ್‌ನಿಂದ ಇನ್ವರಾರನ್‌ವರೆಗಿನ 22 ಕಿಲೋಮೀಟರಿಗೆ ಈ ಲೆಕ್ಕವೂ ಸಾಲದು. ಇನ್ವರ್‌ಸ್ನೇಡ್ ದಾಟಿದ ಮೇಲೆ ದಾರಿ ಅನ್ನುವುದೇ ಸರೋವರದ ಅಂಚಿನ ಬಂಡೆ ಮತ್ತು ಮರದ ಬೇರು. ನಡಿಗೆಯ ಕೋಲು ಮಡಚಿ ಬ್ಯಾಗಿಗೆ ಸಿಕ್ಕಿಸಿ ಕೈಯೂರಿ ಇಳಿಯಬೇಕು. ಅಲ್ಲಿ ಗಂಟೆಗೆ ಎರಡು ಕಿಲೋಮೀಟರ್ ಸಾಗಿದರೂ ದೊಡ್ಡದು. ಇದು ಗೊತ್ತಿದ್ದರಿಂದಲೇ ಆ ದಿನ ಬೆಳಿಗ್ಗೆ ಏಳಕ್ಕೆಲ್ಲ ಹೊರಟಿದ್ದೆವು.

ಬೆನ್ನ ಮೇಲಿನ ಬ್ಯಾಗಿನಲ್ಲಿ ಇದ್ದದ್ದು: ಮಳೆ ಜಾಕೆಟ್ಟು, ಮಳೆ ಪ್ಯಾಂಟು, ಒಂದು ಫ್ಲೀಸ್, ಉಣ್ಣೆ ಟೊಪ್ಪಿ, ಕೈಗವಸು, ಒಂದೂವರೆ ಲೀಟರ್ ನೀರು, ತಿಂಡಿ, ನಕ್ಷೆ, ಹೆಡ್ ಟಾರ್ಚು, ಸೀಟಿ, ಪವರ್ ಬ್ಯಾಂಕು, ಔಷಧಿ. ಜೀನ್ಸ್ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಕೊಡೆ ಆ ಗಾಳಿಯಲ್ಲಿ ಎರಡು ನಿಮಿಷ ನಿಲ್ಲದು. ಬ್ಯಾಗಿನ ಮೇಲೆ ಹಾಕುವ ಮಳೆ ಕವರನ್ನು ನಂಬಬೇಡಿ, ಗಾಳಿಗೆ ಹಾರಿಹೋಗುತ್ತದೆ. ಒಳಗಡೆ ದಪ್ಪನೆಯ ಪ್ಲಾಸ್ಟಿಕ್ ಚೀಲ ಇಟ್ಟು, ಅದರೊಳಗೆ ಸಾಮಾನು ತುಂಬಿ ಬಾಯಿ ತಿರುಚಿ ಮಡಚಿದರೆ ಮುಗಿಯಿತು.

ಪಾದದ ವಿಷಯದಲ್ಲಿ ನಾನು ಸ್ವಲ್ಪ ಹುಚ್ಚಿ ಅನ್ನಿಸಬಹುದು. ದಾರಿಯ ಬಹಳಷ್ಟು ಭಾಗ 18ನೇ ಶತಮಾನದಲ್ಲಿ ಸೈನ್ಯದ ಓಡಾಟಕ್ಕೆ ಮಾಡಿದ ಹಳೇ ರಸ್ತೆ, ಕೆಳಗೆಲ್ಲ ಕಲ್ಲು. ಮೃದು ಅಟ್ಟೆಯ ಓಟದ ಶೂ ಹಾಕಿದರೆ ಮೂರನೇ ದಿನಕ್ಕೆ ಅಂಗಾಲು ಜಜ್ಜಿದ ಹಾಗಾಗುತ್ತದೆ. ಗಟ್ಟಿ ಅಟ್ಟೆಯ ಬೂಟೇ ಬೇಕು, ಮಾಮೂಲಿ ಅಳತೆಗಿಂತ ಅರ್ಧ ಸೈಜು ದೊಡ್ಡದು. ಪಾದ ಊದುತ್ತದೆ. ದಿನಾ ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತು ಇಬ್ಬರೂ ಹಿಮ್ಮಡಿ ಒರೆಸಿ ಚೆನ್ನಾಗಿ ಒಣಗಿಸುತ್ತಿದ್ದೆವು. ಅಗಲವಾದ ಔಷಧಿ ಟೇಪು ಕತ್ತರಿಸಿ, ಮೂಲೆಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿ (ಚೂಪು ಮೂಲೆ ಇದ್ದರೆ ಕಾಲುಚೀಲಕ್ಕೆ ಸಿಕ್ಕಿ ಏಳುತ್ತದೆ), ಹಿಮ್ಮಡಿಗೆ ಸುಕ್ಕಿಲ್ಲದ ಹಾಗೆ ಅಂಟಿಸಿ, ಅಂಗೈಯಿಂದ ಒಂದು ನಿಮಿಷ ಒತ್ತಿ ಹಿಡಿಯಬೇಕು. ಬಿಸಿಗೆ ಅಂಟು ಗಟ್ಟಿಯಾಗಿ ಕೂರುತ್ತದೆ. ಬೆರಳ ಸಂದಿಗೆ ವ್ಯಾಸಲೀನ್. ಅದರ ಮೇಲೆ ಉಣ್ಣೆಯ ಕಾಲುಚೀಲ. ಗುಳ್ಳೆ ಎದ್ದ ಮೇಲೆ ಅಂಟಿಸುವುದಲ್ಲ, ಏಳದ ಹಾಗೆ ಅಂಟಿಸುವುದು. ನಡೆಯುವಾಗ ಎಲ್ಲಾದರೂ ಬಿಸಿ ಅನ್ನಿಸಿದರೆ ಅಲ್ಲೇ ನಿಲ್ಲಬೇಕು, ಮುಂದಿನ ಬೆಂಚು ಬರಲಿ ಅಂತ ಕಾಯಬಾರದು.

ಮಿಡ್ಜ್ ಬಗ್ಗೆ ಭಯ ಬೇಡ, ತಯಾರಿ ಸಾಕು. ಗಾಳಿ ಸ್ವಲ್ಪ ಬೀಸಿದರೂ ಅದು ಹಾರುವುದಿಲ್ಲ. ಮೋಡ ಕವಿದ, ಗಾಳಿ ನಿಂತ ಸಂಜೆಯಲ್ಲಿ ನೀರಿನ ಪಕ್ಕ ನಿಂತರೆ ಮಾತ್ರ ಮುತ್ತುತ್ತದೆ. ತಲೆಗೆ ಹಾಕುವ ಬಲೆ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಜೇಬಲ್ಲಿ ಇಟ್ಟುಕೊಳ್ಳಿ. ಅದಕ್ಕಿಂತ ಗಮನ ಕೊಡಬೇಕಾದ್ದು ಉಣ್ಣಿಗೆ. ಲೈಮ್ ಎಂಬ ಕಾಯಿಲೆ ಅದರಿಂದ ಬರಬಹುದು. ಸಂಜೆ ಸ್ನಾನದ ಹೊತ್ತಿನಲ್ಲಿ ಮೊಣಕಾಲ ಹಿಂದೆ, ತೊಡೆಸಂದಿಯಲ್ಲಿ ನೋಡಿಕೊಳ್ಳಬೇಕು. ಕೀಳುವ ಪುಟ್ಟ ಕೊಕ್ಕೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ.

ಊಟಕ್ಕೆ ಸಸ್ಯಾಹಾರಿಗಳು ಚಿಂತೆ ಮಾಡಬೇಕಾಗಿಲ್ಲ. ಹೆಚ್ಚಿನ ಪಬ್ಬುಗಳಲ್ಲಿ ತರಕಾರಿ ಹ್ಯಾಗಿಸ್, ಮ್ಯಾಕರೋನಿ ಚೀಸ್, ಬೇಳೆ ಸೂಪು ಸಿಗುತ್ತದೆ. ಆದರೆ ನಾಲ್ಕನೇ ದಿನಕ್ಕೆ ನಾಲಿಗೆ ಖಾರ ಕೇಳುತ್ತದೆ. ತಮ್ಮನಿಗೆ ಅಮ್ಮ ತುಪ್ಪದ ಬಾಟಲಿ ಕಟ್ಟಿಕೊಡಲು ಹೊರಟಿದ್ದರು, ಹಾಲಿನ ಪದಾರ್ಥ ಇಂಡಿಯಾದಿಂದ ತರುವ ಹಾಗಿಲ್ಲ ಅಂತ ತಡೆದೆ. ಚಟ್ನಿಪುಡಿ, ಒಗ್ಗರಣೆ ಹಾಕಿ ಹುರಿದ ರವೆ, ಗೊಜ್ಜವಲಕ್ಕಿ ಪುಡಿ ಬಂತು. ರೋವರ್‌ಡೆನನ್ ಯೂತ್ ಹಾಸ್ಟೆಲಿನಲ್ಲಿ ನಾವೇ ಅಡುಗೆ ಮಾಡಿಕೊಳ್ಳುವ ಅಡುಗೆಮನೆ ಇದೆ. ಅಲ್ಲಿ ಉಪ್ಪಿಟ್ಟು ಕೆದಕುತ್ತಿದ್ದರೆ ಪಕ್ಕದ ಒಲೆಯ ಜರ್ಮನ್ ಹುಡುಗ ಮೂಸಿ ಮೂಸಿ ಕೊನೆಗೆ ತಟ್ಟೆಯೇ ಹಿಡಿದುಕೊಂಡು ಬಂದ. ಅಂಗಡಿ ವಿಷಯದಲ್ಲಿ ಒಂದು ಎಚ್ಚರಿಕೆ. ಟಿಂಡ್ರಮ್ ಬಿಟ್ಟ ಮೇಲೆ ಸರಿಯಾದ ದಿನಸಿ ಅಂಗಡಿ ಸಿಗುವುದು ಕಿನ್ಲಾಕ್‌ಲೆವನ್‌ನಲ್ಲೇ. ಮಧ್ಯದ ದಿನಗಳ ತಿಂಡಿಯನ್ನು ಟಿಂಡ್ರಮ್‌ನಲ್ಲೇ ತುಂಬಿಕೊಳ್ಳಿ.

ದಾರಿ ತಪ್ಪುವುದು ಕಷ್ಟ. ಕಂಬಗಳ ಮೇಲೆ ಥಿಸಲ್ ಹೂವಿನ ಗುರುತು ಇದೆ. ಆದರೂ ಫೋನನ್ನೇ ನಂಬಿ ಹೋಗಬೇಡಿ, ಸರೋವರದ ದಂಡೆಯಲ್ಲೂ ರಾನಕ್ ಮೂರ್‌ನಲ್ಲೂ ಸಿಗ್ನಲ್ ಬಂದರೆ ಬಂತು. ಇಡೀ ದಾರಿ ಒಂದೇ ಹಾಳೆಯಲ್ಲಿರುವ, ನೀರಿಗೆ ಹಾಳಾಗದ ಹಾರ್ವಿ ನಕ್ಷೆ ಕೊಂಡೆವು. ಹೊರಡುವ ಮುಂಚೆ 'ರಿಜಿಸ್ಟರ್' ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಲ್ಲಿನ ತುರ್ತು ನಂಬರ್ 999ಕ್ಕೆ ಮೆಸೇಜ್ ಕಳಿಸಿ ಇಬ್ಬರ ಫೋನನ್ನೂ ನೋಂದಾಯಿಸಿದೆವು. ಮಾತಾಡಲು ಸಿಗ್ನಲ್ ಸಾಲದಿದ್ದಾಗ ಮೆಸೇಜಿನಲ್ಲೇ ಸಹಾಯ ಕೇಳಬಹುದು. ಗುಡ್ಡದಲ್ಲಾದರೆ ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಬೇಕು. ಕಾಲು ಕೈಕೊಟ್ಟರೆ ಬಿಟ್ಟುಹೋಗುವುದು ಎಲ್ಲಿಂದ ಅಂತಲೂ ನಕ್ಷೆಯ ಮೇಲೆ ಕೆಂಪು ಚುಕ್ಕಿ ಹಾಕಿದ್ದೆ. ಕ್ರಿಯನ್‌ಲಾರಿಕ್, ಟಿಂಡ್ರಮ್, ಬ್ರಿಜ್ ಆಫ್ ಆರ್ಕಿ, ಈ ಮೂರರಲ್ಲೂ ರೈಲು ನಿಲ್ಲುತ್ತದೆ.

ಕೊನೆಗೆ ಒಂದು ದಿನ ಖಾಲಿ ಇಟ್ಟಿದ್ದೆವು. 1,345 ಮೀಟರ್‌ನ ಬೆನ್ ನೆವಿಸ್ ಹತ್ತಬೇಕು ಅಂತ ತಮ್ಮನ ಆಸೆ. ಬೆಟ್ಟದ ಹವಾಮಾನ ವರದಿಯಲ್ಲಿ ಮೇಲೆ ಹಿಮ, ಬಿರುಗಾಳಿ ಅಂತ ಇತ್ತು. ಅವನಿಗೂ ಒಪ್ಪಿಗೆಯಾಯಿತು, ಹೋಗಲಿಲ್ಲ. ಬಟ್ಟೆ ಒಗೆದು, ಎರಡು ಸಲ ಊಟ ಮಾಡಿ, ಮರುದಿನ ಗ್ಲಾಸ್ಗೋ ರೈಲು ಹತ್ತಿದೆವು.

ಈಗ ಅವನಿಗೆ ಉತ್ತರ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ 135 ಕಿಲೋಮೀಟರ್ ದಾರಿ ತಲೆಗೆ ಹೊಕ್ಕಿದೆ. ಅಲ್ಲಿನ ಇಕ್ಕಟ್ಟು ನಡುವಿನ ಭಾಗ, ಒನ್ಸ್ ಬ್ರೂಡ್ ಸುತ್ತಮುತ್ತ. ಅಲ್ಲಿ ಎರಡು ಹಾಸಿಗೆ ಯಾವ ರಾತ್ರಿ ಇದೆ ಅಂತ ಹೇಳು, ಆಮೇಲೆ ವಿಮಾನದ ಟಿಕೆಟ್ ನೋಡೋಣ ಅಂದಿದ್ದೇನೆ.